ಕೊಡಗಿನಲ್ಲಿ ಮೊಬೈಲ್ ಹಿಡಿದು ಸಮುದ್ರಮಟ್ಟದಿಂದ ಎತ್ತರ ಅಳೆಯುವ ಕ್ರಮ

ಮಡಿಕೇರಿಯ ಒಂದೇ ಅಂಗಳದಲ್ಲಿ ನಿಂತು ಒಂದೇ ಮೊಬೈಲ್‌ನಲ್ಲಿ ಮೂರು ಆ್ಯಪ್ ತೆರೆದರೆ ಒಂದು 1170 ಮೀಟರ್ ತೋರಿಸಬಹುದು, ಇನ್ನೊಂದು 1080, ಮತ್ತೊಂದು 1140. ಯಾವುದೂ ಕೆಟ್ಟಿರುವುದಿಲ್ಲ. ಒಂದೊಂದೂ ಬೇರೆ ಬೇರೆ ಸೊನ್ನೆಯಿಂದ ಎಣಿಸುತ್ತಿರುತ್ತದೆ, ಅಷ್ಟೇ. ಆ ಸೊನ್ನೆ ಯಾವುದು ಎಂದು ಗೊತ್ತಾದರೆ ಸಾಮಾನ್ಯ ಮೊಬೈಲ್‌ನಿಂದಲೂ ನಾಲ್ಕೈದು ಮೀಟರ್ ಹೆಚ್ಚು-ಕಡಿಮೆಯೊಳಗೆ ಎತ್ತರ ಹೇಳಬಹುದು. ಗೊತ್ತಿಲ್ಲದಿದ್ದರೆ ದುಬಾರಿ ಫೋನ್ ಇದ್ದರೂ ನೂರು ಮೀಟರ್ ತಪ್ಪುತ್ತದೆ. ಕೊಡಗಿನಲ್ಲಿ ನೂರು ಮೀಟರ್ ಅಂದರೆ ರೊಬಸ್ಟಾ ತೋಟಕ್ಕೂ ಅರೇಬಿಕಾ ತೋಟಕ್ಕೂ ಇರುವ ಅಂತರ.

ಫೋನ್‌ನಲ್ಲಿ ಏನಿದೆ ನೋಡಿಕೊಳ್ಳಿ

ಮೊಬೈಲ್ ಎತ್ತರ ಹೇಳಲು ಮೂರು ದಾರಿಗಳಿವೆ. ಒಂದು, ಉಪಗ್ರಹಗಳಿಂದ ಲೆಕ್ಕ ಹಾಕುವುದು, ಅಂದರೆ ಜಿಪಿಎಸ್. ಎರಡು, ಗಾಳಿಯ ಒತ್ತಡ ಅಳೆಯುವ ಬ್ಯಾರೊಮೀಟರ್ ಸೆನ್ಸರ್. ಮೂರು, ನೀವಿರುವ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಅಲ್ಲಿಗೆ ಮೊದಲೇ ದಾಖಲಾಗಿರುವ ಎತ್ತರವನ್ನು ಓದಿ ಹೇಳುವುದು. ಮೂರನೆಯದು ಅಳತೆಯೇ ಅಲ್ಲ. ಆದರೆ ಬಹಳಷ್ಟು ಆ್ಯಪ್‌ಗಳು ಅದನ್ನೇ ಮಾಡಿ ಅಳೆದ ಹಾಗೆ ತೋರಿಸುತ್ತವೆ. ಇಂಟರ್ನೆಟ್ ಆಫ್ ಮಾಡಿದ ಕೂಡಲೇ ಎತ್ತರದ ಅಂಕಿ ಮಾಯವಾದರೆ ಅದು ನಕ್ಷೆಯಿಂದ ಬಂದದ್ದು.

ಜಿಪಿಎಸ್ ಎಲ್ಲ ಫೋನ್‌ನಲ್ಲೂ ಇರುತ್ತದೆ. ಬ್ಯಾರೊಮೀಟರ್ ಹಾಗಲ್ಲ. ಐಫೋನ್ 6ರಿಂದ ಈಚಿನ ಬಹುತೇಕ ಐಫೋನ್‌ಗಳಲ್ಲಿದೆ, ಗೂಗಲ್ ಪಿಕ್ಸೆಲ್ ಮತ್ತು ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಬಹುತೇಕ ಫೋನ್‌ಗಳಲ್ಲಿದೆ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹೆಚ್ಚಾಗಿ ಇರುವುದಿಲ್ಲ. ಪರೀಕ್ಷಿಸಲು ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡು ಅದರಲ್ಲಿ ಒತ್ತಡದ ಪ್ರಯೋಗ ತೆರೆಯಿರಿ. ಸೆನ್ಸರ್ ಇಲ್ಲದಿದ್ದರೆ ಆ್ಯಪ್ಪೇ ಹೇಳುತ್ತದೆ. ಇದ್ದರೆ ಒತ್ತಡದ ಮಾನವಾದ ಹೆಕ್ಟೋಪಾಸ್ಕಲ್ ಲೆಕ್ಕದಲ್ಲಿ ಅಂಕಿ ಬರುತ್ತದೆ. ಮಡಿಕೇರಿಯಲ್ಲಿ 880ರ ಆಸುಪಾಸು, ಕುಶಾಲನಗರದ ಕಡೆ 915-920ರ ಆಸುಪಾಸು ಕಂಡರೆ ಸೆನ್ಸರ್ ನೆಟ್ಟಗಿದೆ. ಮಡಿಕೇರಿಯಲ್ಲಿ ಕೂತಿರುವಾಗ ಹವಾಮಾನದ ಆ್ಯಪ್ 1010 ತೋರಿಸಿದರೆ ಅದು ಸೆನ್ಸರ್‌ನ ಅಂಕಿಯಲ್ಲ. ಹವಾಮಾನ ವರದಿಗಳಲ್ಲಿ ಒತ್ತಡವನ್ನು ಸಮುದ್ರಮಟ್ಟಕ್ಕೆ ಇಳಿಸಿ ಕೊಡುತ್ತಾರೆ, ಎತ್ತರದ ಲೆಕ್ಕಕ್ಕೆ ಅದನ್ನು ಸೆನ್ಸರ್ ಅಂಕಿಯ ಜೊತೆ ಬೆರೆಸಬೇಡಿ.

ತೊಂಬತ್ತು ಮೀಟರ್ ಎಲ್ಲಿ ಹೋಯಿತು

ಜಿಪಿಎಸ್ ಉಪಗ್ರಹಗಳಿಗೆ ಸಮುದ್ರ ಗೊತ್ತಿಲ್ಲ. ಅವುಗಳ ಲೆಕ್ಕಕ್ಕೆ ಭೂಮಿ ಎಂದರೆ ಧ್ರುವಗಳಲ್ಲಿ ತುಸು ಒತ್ತಿದ ನುಣುಪಾದ ಗೋಳ, ಡಬ್ಲ್ಯುಜಿಎಸ್ 84 ಎಂಬ ಎಲಿಪ್ಸಾಯ್ಡ್. ನಿಜವಾದ ಸಮುದ್ರದ ನೀರು ಈ ಗೋಳಕ್ಕೆ ಅಂಟಿಕೊಂಡು ನಿಂತಿಲ್ಲ. ಭೂಗರ್ಭದಲ್ಲಿ ದ್ರವ್ಯ ಒಂದೇ ಸಮ ಹಂಚಿಕೆಯಾಗಿಲ್ಲದ ಕಾರಣ ಗುರುತ್ವ ಕೆಲವು ಕಡೆ ಹೆಚ್ಚು, ಕೆಲವು ಕಡೆ ಕಡಿಮೆ. ನೀರೂ ಅದಕ್ಕೆ ತಕ್ಕಂತೆ ಉಬ್ಬಿ ತಗ್ಗಿ ನಿಂತಿದೆ. ಆ ಮೇಲ್ಮೈಯನ್ನು ಭೂಮಾಪಕರು ಜಿಯಾಯ್ಡ್ ಎನ್ನುತ್ತಾರೆ. ಜಗತ್ತಿನಲ್ಲೇ ಅತಿ ಆಳದ ತಗ್ಗು ನಮ್ಮ ಪಕ್ಕದಲ್ಲೇ, ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಸಮುದ್ರ ಆ ಗೋಳಕ್ಕಿಂತ ನೂರು ಮೀಟರಿಗೂ ಕೆಳಗಿದೆ. ಕೊಡಗು ಆ ತಗ್ಗಿನ ಏರಿನಲ್ಲಿ ಬರುತ್ತದೆ. ಇಲ್ಲಿ ವ್ಯತ್ಯಾಸ 90 ಮೀಟರಿನ ಆಸುಪಾಸು.

ಹೀಗಾಗಿ ಹಸಿ, ಅಂದರೆ ಸಮುದ್ರಮಟ್ಟಕ್ಕೆ ತಿದ್ದದ, ಜಿಪಿಎಸ್ ಎತ್ತರ ಕೊಡಗಿನಲ್ಲಿ ಯಾವಾಗಲೂ ಸುಮಾರು 90 ಮೀಟರ್, ಅಂದರೆ 295 ಅಡಿ, ಕಡಿಮೆ ಬರುತ್ತದೆ. ಮಂಗಳೂರಿನ ಕಡಲ ದಂಡೆಯಲ್ಲಿ ಅದೇ ಆ್ಯಪ್ ಸೊನ್ನೆಗಿಂತ ಎಂಬತ್ತು-ತೊಂಬತ್ತು ಮೀಟರ್ ಕೆಳಗೆ ತೋರಿಸಿದರೆ ಗಾಬರಿ ಬೇಡ, ಕಾರಣ ಇದೇ. ಸರಿಪಡಿಸಲು ಹಸಿ ಅಂಕಿಗೆ 90 ಕೂಡಿಸಬೇಕು. ಇಲ್ಲೊಂದು ಎಚ್ಚರಿಕೆ: ಯುರೋಪಿನವರು ಬರೆದ ಸಲಹೆಗಳಲ್ಲಿ ಕಳೆಯಿರಿ ಎಂದಿರುತ್ತದೆ. ಅಲ್ಲಿ ಸಮುದ್ರಮಟ್ಟ ಗೋಳಕ್ಕಿಂತ ನಲವತ್ತು-ಐವತ್ತು ಮೀಟರ್ ಮೇಲಿದೆ, ಅವರಿಗೆ ಕಳೆಯುವುದೇ ಸರಿ. ಅದನ್ನು ನೋಡಿಕೊಂಡು ಇಲ್ಲಿ ಕಳೆದರೆ ತಪ್ಪು ಇಮ್ಮಡಿಯಾಗುತ್ತದೆ.

ನಿಮ್ಮ ಆ್ಯಪ್ ಕೊಡುವುದು ಹಸಿಯೋ ತಿದ್ದಿದ್ದೋ? ಐಫೋನ್‌ನ ದಿಕ್ಸೂಚಿ ಆ್ಯಪ್ ಸಮುದ್ರಮಟ್ಟದ ಎತ್ತರವನ್ನೇ ಕೊಡುತ್ತದೆ. ಆಂಡ್ರಾಯ್ಡ್‌ನಲ್ಲಿ ಫೋನ್ ಆ್ಯಪ್‌ಗೆ ಕೊಡುವ ಮಾಮೂಲಿ ಎತ್ತರ ಎಲಿಪ್ಸಾಯ್ಡ್‌ನಿಂದ ಎಣಿಸಿದ್ದು. ಸಮುದ್ರಮಟ್ಟಕ್ಕೆ ತಿದ್ದುವ ವ್ಯವಸ್ಥೆ ಆಂಡ್ರಾಯ್ಡ್ 14ರಲ್ಲಿ ಬಂದಿದೆ, ಆದರೆ ಆ್ಯಪ್ ಮಾಡಿದವರು ಅದನ್ನು ಬಳಸಿಕೊಂಡಿರಬೇಕು. ಪರೀಕ್ಷೆಗೆ ಜಿಪಿಎಸ್‌ಟೆಸ್ಟ್ ಆ್ಯಪ್ ಅನುಕೂಲ. ಅದು ಹಸಿ ಎತ್ತರ ಮತ್ತು ಎಂಎಸ್‌ಎಲ್, ಅಂದರೆ ಸಮುದ್ರಮಟ್ಟದ, ಎತ್ತರ ಎರಡನ್ನೂ ಬೇರೆ ಬೇರೆ ತೋರಿಸುತ್ತದೆ. ಕೊಡಗಿನಲ್ಲಿ ಎರಡರ ನಡುವೆ 90ರ ಹತ್ತಿರ ವ್ಯತ್ಯಾಸ ಕಾಣಬೇಕು. ಆಮೇಲೆ ಅದೇ ಜಾಗದಲ್ಲಿ ನಿಮ್ಮ ಇಷ್ಟದ ಆ್ಯಪ್ ತೆರೆದು ಅದರ ಅಂಕಿ ಯಾವುದಕ್ಕೆ ಹತ್ತಿರ ಎಂದು ನೋಡಿದರೆ ಮುಗಿಯಿತು. ಫೋಟೋ ಮೇಲೆ ಜಾಗ, ದಿನಾಂಕ, ಎತ್ತರ ಅಚ್ಚು ಹಾಕುವ ಕ್ಯಾಮೆರಾ ಆ್ಯಪ್‌ಗಳನ್ನೂ ಹೀಗೆ ಒಮ್ಮೆ ಒರೆಗೆ ಹಚ್ಚಿ. ಕಾಮಗಾರಿ ಫೋಟೋ ಎಂದು ಕಚೇರಿಗೆ ಕೊಟ್ಟ ಮೇಲೆ ಅಂಕಿ ತಿದ್ದಲು ಬರುವುದಿಲ್ಲ.

ಜಿಪಿಎಸ್‌ನಿಂದ ಅಳೆಯುವಾಗ

ಜಿಪಿಎಸ್ ಎಡ-ಬಲ ಹೇಳಿದಷ್ಟು ಚೆನ್ನಾಗಿ ಮೇಲೆ-ಕೆಳಗೆ ಹೇಳುವುದಿಲ್ಲ. ಉಪಗ್ರಹಗಳು ನಾಲ್ಕೂ ದಿಕ್ಕಿನಲ್ಲಿರುವುದರಿಂದ ಅಡ್ಡ ಅಳತೆಯ ತಪ್ಪುಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎತ್ತರದ ವಿಷಯದಲ್ಲಿ ಹಾಗಾಗುವುದಿಲ್ಲ, ಎಲ್ಲ ಉಪಗ್ರಹಗಳೂ ತಲೆಯ ಮೇಲೇ ಇವೆ, ಕಾಲಕೆಳಗೆ ಒಂದೂ ಇಲ್ಲ. ತೆರೆದ ಆಕಾಶದಡಿ ಅಡ್ಡ ಅಳತೆ ಐದು ಮೀಟರಿನೊಳಗೆ ಸಿಕ್ಕರೆ ಎತ್ತರ ಹತ್ತು-ಹದಿನೈದು ಮೀಟರ್ ಓಲಾಡುವುದು ಸಹಜ.

ಕೊಡಗಿನಲ್ಲಿ ತೆರೆದ ಆಕಾಶ ಹುಡುಕುವುದೇ ಮೊದಲ ಕೆಲಸ. ಕಾಫಿ ತೋಟದೊಳಗೆ ಸಿಲ್ವರ್, ಹಾಲುವಾಣ, ನಂದಿ, ಹಲಸಿನ ಮರಗಳ ನೆರಳಲ್ಲಿ ಸಿಗ್ನಲ್ ಕುಂದುತ್ತದೆ. ಮಳೆಗಾಲದಲ್ಲಿ ಎಲೆ ಒದ್ದೆಯಾಗಿದ್ದರೆ ಇನ್ನೂ ಕಷ್ಟ. ಕಣಿವೆಯಲ್ಲಿ ಒಂದು ಪಕ್ಕದ ಆಕಾಶವನ್ನು ಗುಡ್ಡವೇ ನುಂಗಿರುತ್ತದೆ. ತೋಟದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಕಾಫಿ ಒಣಗಿಸುವ ಕಣ: ಮೇಲೆ ಮರವಿಲ್ಲ, ನೆಲ ಸಮತಟ್ಟು, ಜಾಗ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಕಣವಿಲ್ಲದವರು ಗದ್ದೆ ಬಯಲಿನ ನಡುವೆ ನಿಲ್ಲಬಹುದು. ತಗಡಿನ ಗೋಡೌನ್‌ಗೆ ಒತ್ತಿ ನಿಲ್ಲಬೇಡಿ, ಸಿಗ್ನಲ್ ತಗಡಿಗೆ ಬಡಿದು ತಿರುಗಿ ಬರುವುದರಿಂದ ದೂರದ ಲೆಕ್ಕ ಕೆಡುತ್ತದೆ.

ಮಾಡುವ ಕ್ರಮ ಇಷ್ಟು. ಮನೆಯಿಂದ ಹೊರಡುವ ಮೊದಲು, ನೆಟ್‌ವರ್ಕ್ ಇರುವಾಗಲೇ, ಜಿಪಿಎಸ್ ಒಮ್ಮೆ ಹಿಡಿಸಿಕೊಳ್ಳಿ. ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿಯನ್ನು ಫೋನ್ ಇಂಟರ್ನೆಟ್‌ನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಅದೇ ಪಟ್ಟಿಯನ್ನು ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕಾಗಿ ನಿಮಿಷಗಟ್ಟಲೆ ಹಿಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗೆ ನಿಖರ ಲೊಕೇಶನ್ ಅನುಮತಿ ಕೊಟ್ಟಿರಬೇಕು, ಬ್ಯಾಟರಿ ಸೇವರ್ ಆಫ್ ಇರಬೇಕು. ಜಾಗಕ್ಕೆ ಹೋಗಿ ಫೋನನ್ನು ಒಂದು ಕಲ್ಲಿನ ಮೇಲೋ ಸ್ಟೂಲಿನ ಮೇಲೋ ಮುಖ ಮೇಲಾಗಿ ಇಟ್ಟು ಹತ್ತು ನಿಮಿಷ ಮುಟ್ಟದೆ ಬಿಡಿ. ಮೊದಲ ಎರಡು-ಮೂರು ನಿಮಿಷದ ಅಂಕಿ ಲೆಕ್ಕಕ್ಕಿಲ್ಲ. ಆಮೇಲೆ ಅರ್ಧ ನಿಮಿಷಕ್ಕೊಂದರಂತೆ ಹತ್ತು-ಹದಿನೈದು ಅಂಕಿ ಬರೆದುಕೊಂಡು ಸರಾಸರಿ ತೆಗೆಯಿರಿ.

ಒಂದೇ ನಿಮಿಷದಲ್ಲಿ ಅರವತ್ತು ಅಂಕಿ ತೆಗೆದು ಸರಾಸರಿ ಮಾಡಿದರೆ ಲಾಭವಿಲ್ಲ. ವಾತಾವರಣದಿಂದ, ಉಪಗ್ರಹಗಳ ಜೋಡಣೆಯಿಂದ ಬರುವ ತಪ್ಪು ನಿಧಾನವಾಗಿ ಬದಲಾಗುವಂಥದ್ದು, ಆ ಅರವತ್ತೂ ಅಂಕಿ ಒಂದೇ ಕಡೆಗೆ ವಾಲಿರುತ್ತವೆ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮರುದಿನ ಒಮ್ಮೆ ತೆಗೆದ ಮೂರು ಸರಾಸರಿಗಳ ಸರಾಸರಿ ಅದಕ್ಕಿಂತ ಎಷ್ಟೋ ಮೇಲು. ಮೂರೂ ಐದು ಮೀಟರಿನೊಳಗೆ ಬಂದರೆ ನಂಬಬಹುದು. ಉಪಗ್ರಹಗಳು ಕಳಿಸುವ ಮಾಮೂಲಿ ಎಲ್‌1 ತರಂಗದ ಜೊತೆಗೆ ಎಲ್‌5 ಎಂಬ ಇನ್ನೊಂದು ತರಂಗವನ್ನೂ ಹಿಡಿಯುವ ಫೋನ್ ಆದರೆ ಓಲಾಟ ಕಡಿಮೆ. ಜಿಪಿಎಸ್‌ಟೆಸ್ಟ್‌ನ ಉಪಗ್ರಹ ಪಟ್ಟಿಯಲ್ಲಿ ಎಲ್‌5 ಎಂದು ಬರುತ್ತಿದೆಯೇ ನೋಡಿ. ಆನೆ ಓಡಾಡುವ ತೋಟದಲ್ಲಿ ಮುಸ್ಸಂಜೆ ಹೊತ್ತಿಗೆ ತಲೆ ತಗ್ಗಿಸಿ ಸ್ಕ್ರೀನ್ ನೋಡುತ್ತ ನಿಲ್ಲಬೇಡಿ ಎಂದು ಕೊಡಗಿನವರಿಗೆ ಹೇಳಬೇಕಿಲ್ಲ, ಹೊರಗಿನಿಂದ ಬಂದವರಿಗೆ ಹೇಳಬೇಕು.

ಬ್ಯಾರೊಮೀಟರ್ ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸಮುದ್ರದ ಬಳಿ ಸುಮಾರು 8.5 ಮೀಟರ್ ಹತ್ತಿದರೆ 1 ಹೆಕ್ಟೋಪಾಸ್ಕಲ್ ಇಳಿಯುತ್ತದೆ, ಕೊಡಗಿನ ಎತ್ತರದಲ್ಲಿ ಅದಕ್ಕೆ ಸುಮಾರು 9.5 ಮೀಟರ್ ಹತ್ತಬೇಕು. ಮೊಬೈಲ್ ಸೆನ್ಸರ್ 0.1 ಹೆಕ್ಟೋಪಾಸ್ಕಲ್ ವ್ಯತ್ಯಾಸವನ್ನು ಆರಾಮಾಗಿ ಹಿಡಿಯುತ್ತದೆ, ಅಂದರೆ ಒಂದು ಮೀಟರ್. ಮೆಟ್ಟಿಲು ಹತ್ತಿದ್ದೂ ಗೊತ್ತಾಗುತ್ತದೆ. ಇಷ್ಟು ಸೂಕ್ಷ್ಮ ಇರುವ ಸಾಧನವನ್ನು ನೇರವಾಗಿ ನಂಬಿದರೆ ಮಾತ್ರ ಮೋಸ.

ಆ್ಯಪ್‌ಗಳು ಬಳಸುವ ಸೂತ್ರ ಹೀಗಿದೆ: ಒತ್ತಡವನ್ನು 1013.25ರಿಂದ ಭಾಗಿಸಿ, ಬಂದದ್ದನ್ನು 0.1903ರ ಘಾತಕ್ಕೆ ಏರಿಸಿ, 1ರಿಂದ ಕಳೆದು, 44330ರಿಂದ ಗುಣಿಸಿ. 880 ಹೆಕ್ಟೋಪಾಸ್ಕಲ್‌ಗೆ ಇದು 1174 ಮೀಟರ್ ಕೊಡುತ್ತದೆ. ಸೂತ್ರದಲ್ಲಿ ಎರಡು ಊಹೆಗಳು ಅಡಗಿವೆ. ಒಂದು, ಸಮುದ್ರಮಟ್ಟದಲ್ಲಿ ಇವತ್ತು ಒತ್ತಡ 1013.25 ಇದೆ ಎಂಬುದು. ಇನ್ನೊಂದು, ಸಮುದ್ರಮಟ್ಟದಲ್ಲಿ ತಾಪಮಾನ 15 ಡಿಗ್ರಿ, ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಇಳಿಯುತ್ತದೆ ಎಂಬುದು. ನಮ್ಮ ಕರಾವಳಿಯಲ್ಲಿ 15 ಡಿಗ್ರಿ ಎಲ್ಲಿಂದ ಬರಬೇಕು?

ಮುಂಗಾರಿನಲ್ಲಿ ಕರಾವಳಿಯ ಒತ್ತಡ 1007-1008ಕ್ಕೆ ಇಳಿದಿರುತ್ತದೆ. ಒತ್ತಡ ಇಳಿದದ್ದನ್ನು ಆ್ಯಪ್ ನೀವು ಮೇಲೆ ಹತ್ತಿದಿರಿ ಎಂದೇ ತಿಳಿಯುತ್ತದೆ. ಇನ್ನೊಂದು ಕಡೆ, ಸೂತ್ರ ಊಹಿಸಿದ್ದಕ್ಕಿಂತ ನಮ್ಮ ಗಾಳಿ ಹತ್ತು-ಹದಿನಾಲ್ಕು ಡಿಗ್ರಿ ಬಿಸಿ. ಬಿಸಿ ಗಾಳಿ ಹಗುರ, ಅದರಲ್ಲಿ ಎಷ್ಟು ಹತ್ತಿದರೂ ಒತ್ತಡ ಸೂತ್ರ ಹೇಳಿದಷ್ಟು ಇಳಿಯುವುದಿಲ್ಲ. ಇದರಿಂದ ಎತ್ತರ ನೂರಕ್ಕೆ ನಾಲ್ಕು-ಐದರಷ್ಟು ಕಡಿಮೆ ಬರುತ್ತದೆ. ಎರಡು ತಪ್ಪುಗಳೂ ವಿರುದ್ಧ ದಿಕ್ಕಿನವು. ಜುಲೈಯಲ್ಲಿ ಒಂದನ್ನೊಂದು ಹೊಡೆದುಹಾಕಿ ಮಡಿಕೇರಿಯಲ್ಲಿ ಅಂಕಿ ಆಕಸ್ಮಿಕವಾಗಿ ಸರಿಯಾಗಿಯೇ ಕಾಣಬಹುದು. ಜನವರಿಯಲ್ಲಿ ಕರಾವಳಿ ಒತ್ತಡ 1012-1013ಕ್ಕೆ ಏರಿದಾಗ ಅದೇ ಫೋನ್ ಅದೇ ಮೇಜಿನ ಮೇಲೆ ಮೂವತ್ತು-ನಲವತ್ತು ಮೀಟರ್ ಕಡಿಮೆ ತೋರಿಸುತ್ತದೆ. ಮಳೆಗಾಲದಲ್ಲಿ ಸರಿ ಇತ್ತು, ಈಗ ಸೆನ್ಸರ್ ಹಾಳಾಗಿದೆ ಎಂದು ಅಂಗಡಿಗೆ ಒಯ್ಯಬೇಡಿ.

ದಿನದೊಳಗಿನ ಏರಿಳಿತ ಬೇರೆ. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಹೆಚ್ಚು, ಬೆಳಗಿನ ಜಾವ ಮತ್ತು ಸಂಜೆ ನಾಲ್ಕರ ಹೊತ್ತಿಗೆ ಕಡಿಮೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಮೂರು ಹೆಕ್ಟೋಪಾಸ್ಕಲ್ ಇಳಿಯುವುದು ಮಾಮೂಲಿ. ಅಲುಗಾಡದೆ ಕೂತವರನ್ನು ಫೋನ್ ಇಪ್ಪತ್ತೆಂಟು ಮೀಟರ್ ಮೇಲಕ್ಕೆ ಹತ್ತಿಸಿರುತ್ತದೆ.

ಒಟ್ಟಿನಲ್ಲಿ, ಬ್ಯಾರೊಮೀಟರ್ ಇರುವುದು ಎರಡು ಜಾಗಗಳ ಅಂತರ ಹೇಳಲಿಕ್ಕೆ. ಎತ್ತರ ಗೊತ್ತಿರುವ ಜಾಗದಲ್ಲಿ ಆ್ಯಪ್‌ನ ಅಂಕಿಯನ್ನು ಆ ಎತ್ತರಕ್ಕೆ ಹೊಂದಿಸಿಕೊಂಡು, ಒಂದೆರಡು ಗಂಟೆಯೊಳಗೆ ಕೆಲಸ ಮುಗಿಸಿದರೆ ಅದನ್ನು ಮೀರಿಸುವುದು ಮೊಬೈಲ್‌ನಲ್ಲಿ ಬೇರೊಂದಿಲ್ಲ.

ಸೆನ್ಸರ್‌ಗೆ ಗಾಳಿ ತಲುಪುವುದು ಸಣ್ಣ ರಂಧ್ರದಿಂದ. ಕೊಡಗಿನ ಮಳೆಯಲ್ಲಿ ಆ ರಂಧ್ರಕ್ಕೆ ನೀರು ಕೂತರೆ ಅಂಕಿ ಹಿಡಿದುಕೊಂಡು ಬಿಡುತ್ತದೆ. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದೊಳಗೆ ಫೋನ್ ಇಟ್ಟರೂ ಅಷ್ಟೇ, ಸೆನ್ಸರ್ ಚೀಲದೊಳಗಿನ ಒತ್ತಡ ಅಳೆಯುತ್ತದೆ, ಚೀಲ ಅದುಮಿದರೆ ಹಲವು ಮೀಟರ್ ಜಿಗಿಯುತ್ತದೆ. ಓದುವಾಗ ಚೀಲದ ಬಾಯಿ ತೆರೆಯಿರಿ. ಗಾಜು ಏರಿಸಿ ಫ್ಯಾನ್ ಹಾಕಿದ ಕಾರಿನೊಳಗಿನ ಅಂಕಿಯೂ ಬೇಡ. ಬೆಟ್ಟದ ನೆತ್ತಿಯ ಗಾಳಿಯೂ ಕಾಟ ಕೊಡುತ್ತದೆ: ಗಂಟೆಗೆ 54 ಕಿಲೋಮೀಟರ್ ವೇಗದ ಗಾಳಿ ನೇರ ಬಡಿದರೆ 1 ಹೆಕ್ಟೋಪಾಸ್ಕಲ್‌ಗೂ ಹೆಚ್ಚು ವ್ಯತ್ಯಾಸ, ಅಂದರೆ ಹತ್ತು ಮೀಟರ್. ಬೆನ್ನು ತಿರುಗಿಸಿ, ಮೈ ಮರೆಯಲ್ಲಿ ಹಿಡಿದು ಓದಿ. ಬಿಸಿಲಲ್ಲಿ ಕಾದ ಫೋನ್, ಚಾರ್ಜ್ ಆಗುತ್ತಿರುವ ಫೋನ್ ಕೂಡ ಒಂದೆರಡು ಮೀಟರ್ ಜಾರುತ್ತದೆ.

ಹೊಂದಿಸಲು ಗೊತ್ತಿರುವ ಎತ್ತರ ಎಲ್ಲಿ ಸಿಗುತ್ತದೆ

ಬೇರೆ ಜಿಲ್ಲೆಗಳಲ್ಲಿ ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರಮಟ್ಟದ ಎತ್ತರ ಬರೆದಿರುತ್ತಾರೆ. ಕೊಡಗಿಗೆ ರೈಲೇ ಇಲ್ಲ, ಆ ಅನುಕೂಲವೂ ಇಲ್ಲ. ಮಡಿಕೇರಿ ಎತ್ತರ 1170 ಮೀಟರ್ ಎಂದು ಎಲ್ಲೋ ಓದಿ ಬಸ್ ನಿಲ್ದಾಣದಲ್ಲಿ ಹೊಂದಿಸುವುದೂ ಸರಿಯಲ್ಲ. ಪೇಟೆಯೊಳಗೇ ಏರಿಳಿತ ಬೇಕಾದಷ್ಟಿದೆ; ಆ ಅಂಕಿ ಯಾವ ಮೆಟ್ಟಿಲಿನದು ಎಂದು ಯಾರಿಗೆ ಗೊತ್ತು.

ನಮ್ಮಲ್ಲಿ ಇರುವ ಅತ್ಯುತ್ತಮ ಗುರುತು ಹಾರಂಗಿ ಜಲಾಶಯದ ನೀರು. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 2859 ಅಡಿ, ಅಂದರೆ 871.4 ಮೀಟರ್. ಇಂದಿನ ಮಟ್ಟ ಎಷ್ಟು ಎಂದು ಪತ್ರಿಕೆಗಳಲ್ಲಿ ಬರುತ್ತದೆ. ಉದಾಹರಣೆಗೆ 2847.35 ಅಡಿ ಎಂದಿದ್ದರೆ 0.3048ರಿಂದ ಗುಣಿಸಿ, 867.9 ಮೀಟರ್. ಹಿನ್ನೀರಿನ ಅಂಚಿಗೆ ಹೋಗಿ ನೀರಿನಿಂದ ಫೋನ್ ಎಷ್ಟು ಮೇಲಿದೆ ಎಂದು ಅಂದಾಜು ಮಾಡಿ, ಎದೆಮಟ್ಟಕ್ಕೆ ಹಿಡಿದಿದ್ದರೆ 1.4 ಮೀಟರ್ ಕೂಡಿಸಿ, ಆ್ಯಪ್‌ನಲ್ಲಿ ಎತ್ತರ 869 ಎಂದು ಹೊಂದಿಸಿ. ನಿಂತ ನೀರು ಎಲ್ಲ ಅಂಚಿನಲ್ಲೂ ಒಂದೇ ಮಟ್ಟದಲ್ಲಿರುವುದರಿಂದ ಅಣೆಕಟ್ಟಿನ ಬಳಿಗೇ ಹೋಗಬೇಕಿಲ್ಲ. ಜಲಾಶಯದ ಹೂಳು ಮಣ್ಣಿನ ಅಂಚಿನಲ್ಲಿ ಮಾತ್ರ ಕಾಲು ಹುಷಾರು. ಹೇಮಾವತಿಯ 2922 ಅಡಿ, ಕಬಿನಿಯ 2284 ಅಡಿ ಕೂಡ ಸಮುದ್ರಮಟ್ಟದ ಲೆಕ್ಕದವೇ. ಕೆಆರ್‌ಎಸ್‌ನ 124.80 ಅಡಿ ಹಾಗಲ್ಲ, ಅದು ಅಣೆಕಟ್ಟಿನದೇ ಅಳತೆಪಟ್ಟಿಯ ಮಟ್ಟ, ನಮ್ಮ ಕೆಲಸಕ್ಕೆ ಬಾರದು.

ಎರಡನೆಯದು ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ. ಕೊಡಗಿನ ಬಹುಪಾಲು ಹಳೆಯ ಕ್ರಮದ 48 ಪಿ ಹಾಳೆಗಳಲ್ಲಿ ಬರುತ್ತದೆ. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆ 20 ಮೀಟರಿಗೊಂದು, ಶಿಖರಗಳಲ್ಲಿ ತ್ರಿಕೋನದ ಗುರುತು, ಅಲ್ಲಲ್ಲಿ ಚುಕ್ಕೆ ಇಟ್ಟು ಬರೆದ ಎತ್ತರಗಳಿರುತ್ತವೆ. ರಸ್ತೆ ಕೂಡುವ ಜಾಗದಲ್ಲಿ ಬರೆದ ಎತ್ತರ ಹೊಂದಿಸಲು ಒಳ್ಳೆಯದು. ಈ ನಕ್ಷೆಗಳ ಸೊನ್ನೆಗೂ ಒಂದು ಚರಿತ್ರೆಯಿದೆ. 1909ರಲ್ಲಿ ನಿಗದಿಯಾದ ಭಾರತದ ಸಮುದ್ರಮಟ್ಟವನ್ನು ಒಂಬತ್ತು ಬಂದರುಗಳ ಉಬ್ಬರವಿಳಿತದ ದಾಖಲೆಯಿಂದ ತೆಗೆದರು, ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು.

ಇವೆರಡೂ ದೂರವಾದರೆ ವಿಮಾನ ನಿಲ್ದಾಣದ ಹವಾ ವರದಿ ಇದೆ. ಮೆಟಾರ್ ಎನ್ನುವ ಆ ವರದಿಯಲ್ಲಿ ಕ್ಯೂ ಅಕ್ಷರದ ಮುಂದೆ ನಾಲ್ಕು ಅಂಕಿಯ ಒತ್ತಡ ಇರುತ್ತದೆ. ಅದನ್ನು ಆ್ಯಪ್‌ನಲ್ಲಿ ಸಮುದ್ರಮಟ್ಟದ ಒತ್ತಡದ ಜಾಗದಲ್ಲಿ ತುಂಬಿ. ಮಂಗಳೂರು, ಕಣ್ಣೂರು, ಮೈಸೂರು ಮೂರೂ ಹತ್ತಿರವೇ, ಆದರೆ ಮೈಸೂರಿನದನ್ನೇ ಬಳಸಿ. ಕಾರಣ ಇಷ್ಟೇ: ಬಿಸಿಗಾಳಿಯ ನಾಲ್ಕೈದು ಪ್ರತಿಶತ ತಪ್ಪು ತಗಲುವುದು ನಿಲ್ದಾಣಕ್ಕೂ ನಿಮಗೂ ಇರುವ ಎತ್ತರದ ಅಂತರಕ್ಕೆ ಮಾತ್ರ. ಮಂಗಳೂರು ನಿಲ್ದಾಣ ನೂರು ಮೀಟರಿನ ಆಸುಪಾಸಿನಲ್ಲಿದೆ, ಮಡಿಕೇರಿಯಲ್ಲಿ ಐವತ್ತು ಮೀಟರಿನಷ್ಟು ಕಡಿಮೆ ಬರುತ್ತದೆ. ಮೈಸೂರು ನಿಲ್ದಾಣ 700 ಮೀಟರಿಗೂ ಮೇಲಿರುವುದರಿಂದ ತಪ್ಪು ಇಪ್ಪತ್ತಕ್ಕೆ ನಿಲ್ಲುತ್ತದೆ, ಕುಶಾಲನಗರದಲ್ಲಿ ಐದಾರಕ್ಕೆ. ವರದಿಯ ವೇಳೆ ಗ್ರೀನ್‌ವಿಚ್ ಲೆಕ್ಕದಲ್ಲಿರುತ್ತದೆ, ಐದೂವರೆ ಗಂಟೆ ಕೂಡಿಸಿ ನೋಡಿ. ಹಳೆಯದಾದರೆ ಬಿಟ್ಟುಬಿಡಿ.

ಕೆರೆಯಿಂದ ತೋಟದ ತಲೆಗೆ: ಪಂಪಿನ ಹೆಡ್ ಲೆಕ್ಕ

ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವವರಿಗೆ ಬೇಕಾಗುವುದು ಸಮುದ್ರಮಟ್ಟವಲ್ಲ, ಕೆರೆಯ ನೀರಿನಿಂದ ತೋಟದ ಎತ್ತರದ ಮೂಲೆಗೆ ಎಷ್ಟು ಮೀಟರ್ ಎಂಬುದು. ಪಂಪ್ ನೀರನ್ನು ಎತ್ತಬೇಕಾದ ಎತ್ತರವನ್ನೇ ಹೆಡ್ ಎನ್ನುವುದು. ಬ್ಯಾರೊಮೀಟರ್‌ನ ನಿಜವಾದ ಉಪಯೋಗ ಇಲ್ಲಿದೆ. ಎತ್ತರ ತೋರಿಸುವ ಆ್ಯಪ್ ಬೇಡ, ಒತ್ತಡವನ್ನೇ ಓದಿ.

ಕೆರೆ ಅಂಚಿನಲ್ಲಿ ಫೋನನ್ನು ನೆಲದ ಮೇಲಿಟ್ಟು ಎರಡು ನಿಮಿಷ ಕಾದು ಒತ್ತಡ ಮತ್ತು ವೇಳೆ ಬರೆದುಕೊಳ್ಳಿ. ಮೇಲೆ ಹೋಗಿ ಹಾಗೆಯೇ ನೆಲದ ಮೇಲಿಟ್ಟು ಓದಿ. ಮತ್ತೆ ಕೆರೆಗೆ ಬಂದು ಅದೇ ಜಾಗದಲ್ಲಿ ಓದಿ. ಮರಳಿ ಬರುವುದು ತ್ರಾಸ ಅನ್ನಿಸಿದರೂ ಬಿಡಬೇಡಿ, ನಡುವೆ ಹವಾ ಎಷ್ಟು ಬದಲಾಯಿತು ಎಂದು ತಿಳಿಯುವುದು ಅದರಿಂದಲೇ.

8 ಗಂಟೆಗೆ ಕೆರೆಯಲ್ಲಿ 899.2, 8.20ಕ್ಕೆ ಮೇಲೆ 894.6, 8.40ಕ್ಕೆ ಕೆರೆಯಲ್ಲಿ 899.6 ಬಂತು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಒತ್ತಡ ಏರುವ ಹೊತ್ತು, ಹಾಗಾಗಿ ಕೊನೆಯ ಅಂಕಿ ಹೆಚ್ಚಿದೆ. ಮೇಲೆ ಓದಿದ 8.20ರ ಹೊತ್ತಿಗೆ ಕೆರೆಯಲ್ಲಿ ಎರಡರ ನಡುವಿನ 899.4 ಇದ್ದಿರಬೇಕು. ವ್ಯತ್ಯಾಸ 4.8. ಇನ್ನು ಒಂದು ಹೆಕ್ಟೋಪಾಸ್ಕಲ್‌ಗೆ ಎಷ್ಟು ಮೀಟರ್ ಎಂಬುದು: ಡಿಗ್ರಿ ಸೆಲ್ಸಿಯಸ್‌ಗೆ 273 ಕೂಡಿಸಿ, 29.3ರಿಂದ ಗುಣಿಸಿ, ಎರಡು ಜಾಗದ ಸರಾಸರಿ ಒತ್ತಡದಿಂದ ಭಾಗಿಸಿ. 20 ಡಿಗ್ರಿ ಇದ್ದರೆ 293 × 29.3 ÷ 897, ಅಂದರೆ 9.57. ಅದನ್ನು 4.8ರಿಂದ ಗುಣಿಸಿದರೆ 46 ಮೀಟರ್. ಆ್ಯಪ್‌ನ ಎತ್ತರದ ಅಂಕಿಯನ್ನೇ ನಂಬಿದ್ದರೆ 44 ಬರುತ್ತಿತ್ತು.

ಪಂಪ್ ಅಂಗಡಿಯಲ್ಲಿ ಬರಿಯ 46 ಹೇಳಿ ಬರಬೇಡಿ. ಸ್ಪ್ರಿಂಕ್ಲರ್‌ಗೆ ಬೇಕಾದ ಒತ್ತಡಕ್ಕೆ ಪ್ರತಿ ಕೆ.ಜಿ.ಗೆ ಹತ್ತು ಮೀಟರ್ ಕೂಡಿಸಬೇಕು, ಪೈಪಿನ ಉದ್ದ, ಬೆಂಡುಗಳಿಗೆ ಆಗುವ ನಷ್ಟ ಬೇರೆ. ಬೇಸಿಗೆ ಕೊನೆಗೆ ಕೆರೆಯ ನೀರು ಎಷ್ಟು ಕೆಳಗಿಳಿಯುತ್ತದೋ ಅಷ್ಟನ್ನೂ ಸೇರಿಸಿ. ತುಂಬಿದ ಕೆರೆಯಲ್ಲಿ ಅಳೆದು ತಂದ ಪಂಪ್ ಮಾರ್ಚಿನಲ್ಲಿ ಮೇಲಿನ ಮೂಲೆಗೆ ಹನಿಯೂ ಹಾಯಿಸದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ತೋಡಿನಿಂದ ಮೋಟಾರಿಲ್ಲದೆ ಪೈಪಿನಲ್ಲಿ ನೀರು ತರುವವರಿಗೂ ಇದೇ ಅಳತೆ ಸಾಕು, ಆದರೆ ಇಳಿಜಾರು ನಾಲ್ಕೈದು ಮೀಟರ್ ಮಾತ್ರ ಇದ್ದರೆ ಮೊಬೈಲ್ ಬಿಟ್ಟು ನೀರು ತುಂಬಿ ಮಟ್ಟ ನೋಡುವ ಲೆವೆಲ್ ಟ್ಯೂಬ್ ಹಿಡಿಯುವುದೇ ಲೇಸು. ಹವಾ ನಿಂತಂತಿರುವುದು ಬೆಳಿಗ್ಗೆ ಹತ್ತರ ಆಸುಪಾಸು. ಗುಡುಗು ಮಳೆ ಕಟ್ಟುತ್ತಿರುವ ಮಧ್ಯಾಹ್ನ ಈ ಕೆಲಸಕ್ಕೆ ಕೈಹಾಕಬೇಡಿ.

ಬೆಟ್ಟ ಹತ್ತುವಾಗ

ಕೊಡಗಿನ ಅತಿ ಎತ್ತರದ ತಡಿಯಂಡಮೋಳ್ 1748 ಮೀಟರ್, ಪುಷ್ಪಗಿರಿ 1712, ಬ್ರಹ್ಮಗಿರಿ 1608. ನಾಲ್ಕುನಾಡು ಅರಮನೆಯ ಕಡೆಯಿಂದ ತಡಿಯಂಡಮೋಳ್ ಹತ್ತುವವರು ಹೊರಡುವಲ್ಲಿ ಹೊಂದಿಸಿಕೊಂಡರೆ ನೆತ್ತಿಯಲ್ಲಿ ಎರಡು ತಿದ್ದುಪಡಿ ಬೇಕಾಗುತ್ತದೆ. ಹತ್ತಿದ ಎತ್ತರಕ್ಕೆ ನೂರಕ್ಕೆ ನಾಲ್ಕೈದು ಸೇರಿಸಬೇಕು, ಆ್ಯಪ್ 500 ಮೀಟರ್ ಹತ್ತಿದಿರಿ ಅಂದರೆ ನಿಜಕ್ಕೆ 520-525. ಜೊತೆಗೆ ಬೆಳಿಗ್ಗೆ ಹತ್ತರ ನಂತರ ಕಳೆದ ಪ್ರತಿ ಗಂಟೆಗೆ ಸುಮಾರು ಐದು ಮೀಟರ್ ಕಳೆಯಬೇಕು, ಒತ್ತಡ ತಾನಾಗಿ ಇಳಿಯುತ್ತಿರುತ್ತದೆ. ನೆತ್ತಿಯಲ್ಲಿ 1748ಕ್ಕೆ ಮತ್ತೆ ಹೊಂದಿಸಿಕೊಂಡರೆ ಇಳಿಯುವ ದಾರಿಯ ಎತ್ತರಗಳು ಸರಿ ಬರುತ್ತವೆ.

ನಕ್ಷೆಯ ದತ್ತಾಂಶದಿಂದ ಎತ್ತರ ಹೇಳುವ ಆ್ಯಪ್‌ಗಳು ಶಿಖರದಲ್ಲಿ ಕಡಿಮೆಯನ್ನೇ ಹೇಳುತ್ತವೆ. ಅವುಗಳಲ್ಲಿ ಅನೇಕವು ಬಳಸುವುದು 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ದತ್ತಾಂಶ. ಅದರಲ್ಲಿ ಸುಮಾರು 30 ಮೀಟರ್ ಚೌಕಕ್ಕೆ ಒಂದೇ ಎತ್ತರ, ಚೂಪಾದ ನೆತ್ತಿ ಆ ಚೌಕದ ಸರಾಸರಿಯಲ್ಲಿ ಕರಗಿಹೋಗುತ್ತದೆ. ದಟ್ಟ ಕಾಡಿನಲ್ಲಿ ಉಲ್ಟಾ, ರೇಡಾರ್ ನೆಲ ಮುಟ್ಟದೆ ಮರದ ಮೇಲ್ಭಾಗದಿಂದಲೇ ತಿರುಗಿರುತ್ತದೆ, ಹಾಗಾಗಿ ಎತ್ತರ ಹೆಚ್ಚು ಬರುತ್ತದೆ.

ತೋಟದ ಎತ್ತರ ಬರೆಯುವಾಗ

2019ರಲ್ಲಿ ಕೊಡಗಿನ ಅರೇಬಿಕಾಕ್ಕೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿತು. ನೇರವಾಗಿ ಹುರಿಯುವವರಿಗೆ ಮಾರುವ ಬೆಳೆಗಾರರು ಚೀಲದ ಮೇಲೆ ತೋಟದ ಎತ್ತರ ಬರೆಯುವುದೂ ಈಗ ಸಾಮಾನ್ಯ. ಅರೇಬಿಕಾಕ್ಕೆ ಸಾವಿರ ಮೀಟರಿನ ಮೇಲೆ, ರೊಬಸ್ಟಾಕ್ಕೆ ಅದರ ಕೆಳಗೆ ಎಂಬುದು ಕಾಫಿಯವರ ವಾಡಿಕೆಯ ಲೆಕ್ಕವಾದ್ದರಿಂದ 950ನ್ನು 1040 ಎಂದೋ 1040ನ್ನು 950 ಎಂದೋ ಬರೆಯುವುದು ಸಣ್ಣ ವಿಷಯವಲ್ಲ. ಮನೆಯ ಜಗುಲಿಯಲ್ಲಿ ಕೂತು ಓದಿದ ಒಂದು ಅಂಕಿ ತೋಟದ ಎತ್ತರವಲ್ಲ. ಕಣದಲ್ಲಿ ಮೂರು ಹೊತ್ತಿನ ಜಿಪಿಎಸ್ ಸರಾಸರಿ ತೆಗೆದು 90ರ ಲೆಕ್ಕ ಸರಿ ಇದೆಯೇ ನೋಡಿ, ಕಣದ ಮೂಲೆಗಲ್ಲಿನ ಮೇಲೆ ಪೇಂಟಿನಲ್ಲಿ ಆ ಎತ್ತರ ಬರೆದಿಡಿ. ಆಮೇಲೆ ಬ್ಯಾರೊಮೀಟರನ್ನು ಅದಕ್ಕೆ ಹೊಂದಿಸಿ, ಕಾಫಿ ಇರುವ ಅತಿ ತಗ್ಗಿನ ಮತ್ತು ಅತಿ ಎತ್ತರದ ಸಾಲುಗಳಿಗೆ ಹೋಗಿ ಬಂದು, ಎರಡನ್ನೂ ಹತ್ತರ ಹತ್ತಿರದ ಅಂಕಿಗೆ ಇಳಿಸಿ ಬರೆಯಿರಿ: 980 ರಿಂದ 1060 ಮೀಟರ್, ಹೀಗೆ. ಅಡಿಯಲ್ಲಿ ಬೇಕೆಂದವರಿಗೆ 3.28ರಿಂದ ಗುಣಿಸಿ ಕೊಡಿ, 3214 ರಿಂದ 3477 ಎಂದು ಬಿಡಿ ಅಂಕಿ ಸಮೇತ ಬರೆಯದೆ 3200 ರಿಂದ 3500 ಎಂದರೆ ಸಾಕು.